ದೊಡ್ಡಮ್ಮನ ನೆನಪಿನ ದಿನ: ಆಗಸ್ಟ್ 3

ಕುಟುಂಬದ ಎಲ್ಲರಿಗೂ ನಮಸ್ಕಾರಗಳು.

ದೊಡ್ಡಮ್ಮ ನಮ್ಮನ್ನು ಅಗಲಿ ಈ ಆಗಸ್ಟ್‌ಗೆ ಒಂದು ವರ್ಷ ತುಂಬುತ್ತದೆ. ಆಗಸ್ಟ್ 3ರಂದು, ಅಂದರೆ ಕೊಡವ ಪಂಚಾಂಗದ ಕಕ್ಕಡ ತಿಂಗಳ 18ರ ದಿನ, ಬೆಳಿಗ್ಗೆ 10 ಗಂಟೆಗೆ ಮಡಿಕೇರಿಯ ಮನೆಯಲ್ಲಿ ಎಲ್ಲರೂ ಸೇರಬೇಕೆಂದು ಹಿರಿಯರು ನಿಶ್ಚಯಿಸಿದ್ದಾರೆ. ಮಳೆಗಾಲದಲ್ಲಿ ಕಾವೇರಿ ಉಕ್ಕಿದರೆ ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ನೀರಿಗಿಳಿಯುವುದು ಅಪಾಯಕರವಾದ್ದರಿಂದ, ಅಲ್ಲಿನ ಪಿಂಡಪ್ರದಾನವನ್ನು ಅಕ್ಟೋಬರ್‌ನ ತುಲಾ ಸಂಕ್ರಮಣದ ನಂತರ ಇಟ್ಟುಕೊಳ್ಳೋಣ.

ಈ ದಿನವನ್ನೇ ಆರಿಸಿದ್ದಕ್ಕೆ ಕಾರಣ ನಿಮಗೆಲ್ಲ ತಿಳಿದೇ ಇದೆ. ಮದ್ದು ಸೊಪ್ಪಿನಲ್ಲಿ ಅಂದು 18 ಬಗೆಯ ಔಷಧ ಗುಣ ತುಂಬಿರುತ್ತದೆಂದು ನಂಬಿದ್ದ ದೊಡ್ಡಮ್ಮ, ಹಿತ್ತಲಿನಿಂದ ತಾವೇ ಕಿತ್ತು ತಂದು, ಅದನ್ನು ಕುದಿಸಿದ ಕಡುನೇರಳೆ ರಸದಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಬೆರೆಸಿದ ಪಾಯಸವನ್ನು ಮಕ್ಕಳೆಲ್ಲರಿಗೂ ಬಡಿಸುವವರೆಗೆ ತಾವು ಕೂರುತ್ತಿರಲಿಲ್ಲ. ಆ ಸೊಪ್ಪಿನ ಬಣ್ಣದಿಂದ ಮರುದಿನ ಮೂತ್ರ ಕೆಂಪಾದುದನ್ನು ಕಂಡು ಹೆದರಿ ಅತ್ತ ಚಿಕ್ಕವರನ್ನು ಅವರು ಮಡಿಲಲ್ಲಿ ಕೂರಿಸಿಕೊಂಡು ಸಮಾಧಾನಪಡಿಸುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅದೇ ಪಾಯಸವನ್ನು ಈ ಬಾರಿ ಸೊಸೆಯಂದಿರು ಮಾಡಲಿದ್ದಾರೆ.

ದಯವಿಟ್ಟು ಪ್ರತಿ ಮನೆಯವರೂ ದೊಡ್ಡಮ್ಮನ ಒಂದು ಹಳೆಯ ಛಾಯಾಚಿತ್ರವನ್ನೂ, ಅವರ ಬಗೆಗಿನ ಒಂದು ನೆನಪನ್ನು ಕೈಬರಹದಲ್ಲಿ ಬರೆದ ಒಂದು ಪುಟವನ್ನೂ ತನ್ನಿ. ಅವುಗಳನ್ನು ಸೇರಿಸಿ ಹೊಲಿದು ಮನೆಯಲ್ಲಿ ಇಡುತ್ತೇವೆ. ಬೆಂಗಳೂರಿನಿಂದ ಬರುವವರು ಮಳೆಯ ಕಾರಣ ಹಿಂದಿನ ದಿನವೇ ಹಗಲಿನಲ್ಲಿ ತಲುಪುವುದು ಒಳ್ಳೆಯದು. ಎಷ್ಟು ಮಂದಿ ಬರುವಿರಿ, ಯಾರು ರಾತ್ರಿ ತಂಗುವಿರಿ ಎಂಬುದನ್ನು ಜುಲೈ 25ರೊಳಗೆ ಇದೇ ಗುಂಪಿನಲ್ಲಿ ತಿಳಿಸಬೇಕಾಗಿ ವಿನಂತಿ.