ಕರಡಿನ ಮೇಲೊಂದು ಗೆರೆ

ಪ್ರಿಯ ಗೆಳೆಯರೇ,

ನಿಮ್ಮ ಕತೆಯನ್ನು ಎರಡು ಸಲ ಓದಿದೆ. ಜೊತೆಗಿಟ್ಟ ಪತ್ರದಲ್ಲಿ 'ಆತ್ಮತೃಪ್ತಿಗಾಗಿ ಬರೆಯುತ್ತೇನೆ, ತಿದ್ದುವ ಅಗತ್ಯ ಕಾಣಲಿಲ್ಲ' ಎಂದಿದ್ದೀರಿ. ಈ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದರಿಂದಲೇ ಇಷ್ಟು ಬರೆಯುತ್ತಿದ್ದೇನೆ.

ಮೊದಲನೆಯ ಮಾತಿಗೆ ನನ್ನ ತಕರಾರಿಲ್ಲ. ಒಂದು ವಾಕ್ಯ ತನ್ನ ಜಾಗದಲ್ಲಿ ಸರಿಯಾಗಿ ಕೂತಾಗ ಮನಸ್ಸಿಗಾಗುವ ನಿರಾಳ ದುಡಿದವರ ಹಕ್ಕು. ಎರಡನೆಯದು ಬೇರೆ ಜಾತಿಯದು. 'ಇನ್ನು ಸಾಕು' ಎಂಬ ಭಾವಕ್ಕೆ ನಮ್ಮಲ್ಲಿ ಅಲಂಬುದ್ಧಿ ಎಂಬ ಹಳೆಯ ಪದವಿದೆ. ಸಂಪತ್ತಿನ ವಿಷಯದಲ್ಲಿ ಅದು ದೊಡ್ಡ ಗುಣ, ಕಲಿಕೆಯ ವಿಷಯದಲ್ಲಿ ಬಾಗಿಲಿಗೆ ಒಳಗಿನಿಂದ ಹಾಕಿಕೊಂಡ ಅಗಳಿ.

ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವ್ಯಾಕರಣ, ತರ್ಕ, ಹಾಸ್ಯಪ್ರಜ್ಞೆಯ ಪರೀಕ್ಷೆಗಳಲ್ಲಿ ಕೊನೆಯ ಕಾಲು ಭಾಗದಲ್ಲಿದ್ದವರು, ನೂರರಲ್ಲಿ ಸರಾಸರಿ 12 ಮಂದಿಯನ್ನಷ್ಟೇ ಹಿಂದೆ ಹಾಕಿದ್ದರೂ, 62 ಮಂದಿಯನ್ನು ಹಿಂದೆ ಹಾಕಿದ್ದೇವೆಂದು ನಂಬಿದ್ದರು. ನನ್ನನ್ನು ಹೆಚ್ಚು ಕಾಡಿದ್ದು ಮುಂದಿನ ಸಂಗತಿ: ವ್ಯಾಕರಣದಲ್ಲಿ ಇತರರ ಉತ್ತರಪತ್ರಿಕೆಗಳನ್ನು ಕೈಗೆ ಕೊಟ್ಟು ಅಳೆಯಲು ಹೇಳಿದ ಮೇಲೂ ಅವರ ಅಂದಾಜು ತಗ್ಗಲಿಲ್ಲ. ಬರೆಯಲು ಬೇಕಾದ ಅರಿವೂ ತಪ್ಪನ್ನು ಕಾಣಲು ಬೇಕಾದ ಅರಿವೂ ಒಂದೇ ಆಗಿರುವುದರಿಂದ, ತಪ್ಪು ಕಾಣಲಿಲ್ಲ ಎಂಬುದು ತಪ್ಪಿಲ್ಲ ಎಂಬುದಕ್ಕೆ ಸಾಕ್ಷಿಯಾಗದು.

ನನ್ನ ಮೂರನೆಯ ಸಂಕಲನದ ಕರಡಚ್ಚು ತಿದ್ದುವಾಗ, ಹನ್ನೊಂದು ಕತೆಗಳಲ್ಲಿ ಐದು, ಯಾರೋ ಒಬ್ಬರು ಕಿಟಕಿಯ ಬಳಿ ನಿಂತು ಹೊರಗೆ ನೋಡುವಲ್ಲಿಗೆ ಮುಗಿದಿದ್ದವು. ಐದು ಸಲವೂ ನಾನು ಸಂತೋಷದಿಂದ ಪೆನ್ನು ಕೆಳಗಿಟ್ಟಿದ್ದೆ! ಕೈ ಪಳಗಿದೆ ಎಂದುಕೊಂಡಿದ್ದ ಆ ವರ್ಷಗಳಲ್ಲಿ ಅದು ಜಡ್ಡುಗಟ್ಟುತ್ತಿತ್ತು.

ನಿಮ್ಮ ಕತೆಯಲ್ಲಿ ತಾಯಿ ಮಗನ ಅಂಗಿಗೆ ಗುಂಡಿ ಹೊಲಿಯುತ್ತಾಳೆ. ಕಿತ್ತುಹೋದ ಹಳೆಯ ದಾರದ ತುಣುಕನ್ನು ಬಿಸಾಡದೆ ಸೂಜಿಡಬ್ಬಿಯೊಳಗೆ ಇಡುತ್ತಾಳೆ. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಪುಟ ತಿರುವಲಿಲ್ಲ. ಮರುಸಾಲಿನಲ್ಲೇ 'ಅವಳ ಕಣ್ಣು ತುಂಬಿ ಬಂತು' ಎಂದಿದೆ, ಮುಂದಿನ ಎರಡು ಪುಟಗಳಲ್ಲಿ ಇನ್ನೆರಡು ಸಲ. ಆ ದಾರವನ್ನು ಕಂಡವರು ನೀವೇ ಆಗಿರುವಾಗ, ಈ ಕಣ್ಣೀರನ್ನು ಎರವಲು ತರುವ ಅಗತ್ಯವೇನಿತ್ತು?

ಒಂದು ತಿಂಗಳು ಕತೆಯನ್ನು ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದಲ್ಲಿ ಮಾತ್ರವಲ್ಲದೆ, ತೀರಾ ಸಲೀಸಾಗಿ ಜಾರಿಹೋದಲ್ಲಿಯೂ ಗೆರೆ ಎಳೆಯಿರಿ. ನನಗೆ ಆ ಗೆರೆಗಳಿರುವ ಪ್ರತಿಯನ್ನೇ ಕಳಿಸಿ, ಶುದ್ಧಪ್ರತಿ ಬೇಡ.

ನಿಮ್ಮ ಹಿತೈಷಿ