ನಾಗಬನದಲ್ಲಿ ಸ್ವಲ್ಪ ಹೊತ್ತು ಕೂತ್ಕೊಳ್ಳಿ

ಸಂಪಾದಕರಿಗೆ ನಮಸ್ಕಾರ,

ನಾಗರ ಪಂಚಮಿ ಹತ್ರ ಬಂತು. ಇನ್ನು ಸೀಯಾಳಕ್ಕೆ ರೇಟೆಷ್ಟು, ಹಿಂಗಾರ ಕೇದಿಗೆ ಎಷ್ಟಕ್ಕೆ ಹೋಯ್ತು, ಯಾವ ದೇವಸ್ಥಾನದಲ್ಲಿ ಎಷ್ಟು ರಶ್ಶು ಅಂತ ಪೇಪರಲ್ಲಿ ಬರ್ತದೆ, ಬರ್ಲಿ. ನಂಗೆ ಬನದ ಬಗ್ಗೆ ಎರಡು ಮಾತು ಹೇಳ್ಬೇಕು, ದಯವಿಟ್ಟು ಹಾಕಿ.

ನಮ್ಮ ಉಡುಪಿ, ದಕ್ಷಿಣ ಕನ್ನಡ ಕಡೆ ಹಳೇ ಕುಟುಂಬದ ಮನೆ ಅಂದ್ರೆ ಅದರ ಹಿಂದೆ ನಾಗನಿಗೆ ಅಂತ್ಲೇ ಬಿಟ್ಟ ಒಂದು ಸಣ್ಣ ಕಾಡು, ಅಂದ್ರೆ ಬನ ಇರ್ತಿತ್ತು. ಹಾಲೆ ಮರ, ರೆಂಜೆ, ಸುರಗಿ, ಬೈನೆ, ಅದರ ಮೇಲೆಲ್ಲ ಹಬ್ಬಿದ ದಪ್ಪ ದಪ್ಪ ಬಳ್ಳಿ, ಬುಡದಲ್ಲಿ ಹುತ್ತ, ಹುತ್ತದ ಪಕ್ಕ ನಾಗನ ಕಲ್ಲು. ಅಲ್ಲಿಂದ ಒಂದು ಒಣ ಕಡ್ಡಿ ಸಹ ಒಲೆಗೆ ತರ್ತಿರ್ಲಿಲ್ಲ ಹಿರಿಯರು, ತಂದ್ರೆ ದೋಷ ಅಂತ ಭಯ. ಈಗ ಜೋಯಿಸರು ಕವಡೆ ಹಾಕಿ ನೋಡೋ ಪ್ರಶ್ನೆಯಲ್ಲಿ ಕಂಡುಬಂತು, ಜೀರ್ಣೋದ್ಧಾರ ಆಗ್ಬೇಕು ಅಂತ ಶುರುವಾಗ್ತದೆ, ಆಮೇಲೆ ನೋಡಿದ್ರೆ ಮರ ಇಲ್ಲ, ಗ್ರಾನೈಟ್ ಕಟ್ಟೆ, ಸುತ್ತ ಇಂಟರ್‌ಲಾಕ್, ಮೇಲೆ ಶೀಟು, ಒಂದು ಗೇಟು. ದೋಷ ಕಳೀಲಿಕ್ಕೆ ಅಂತ್ಲೇ ಮರ ಕಡಿಯೋದು ಹೇಗೆ ಸರಿ ಆಗ್ತದೆ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ.

ಇದಕ್ಕೆ ಮೂಲ ನಮ್ಮ ಗಡಿಬಿಡಿ. ಬೆಂಗ್ಳೂರಿಂದ ರಾತ್ರಿ ಬಸ್ಸಲ್ಲಿ ಬಂದು, ಬೆಳಿಗ್ಗೆ ನಾಗನ ಕಲ್ಲಿಗೆ ತನು (ಹಾಲು, ಸೀಯಾಳ) ಎರೆದು, ಒಂದು ಫೋಟೋ ತೆಗೆದು, ಅರಸಿನ ಎಲೆ ಕಡುಬು ತಿಂದು ಸಂಜೆ ವಾಪಸ್ ಹೊರಡ್ಬೇಕು ಅಂದ್ರೆ ಅಂಥವರಿಗೆ ಕೆಸರಿರಬಾರದು, ಜಿಗಣೆ ಇರಬಾರದು, ಕಾರು ಹತ್ರಕ್ಕೇ ಬರ್ಬೇಕು, ತೊಳೆದ್ರೆ ಕ್ಲೀನ್ ಆಗ್ಬೇಕು. ನಾವು ನಮ್ಮ ಸ್ಪೀಡಿಗೆ ಸರಿಯಾಗಿ ಬನವನ್ನೇ ಬದಲಾಯಿಸಿಬಿಟ್ವಿ. ಭಕ್ತಿ ಕಮ್ಮಿ ಆಗಿದೆ ಅಂತ ನಾನು ಹೇಳೋದಿಲ್ಲ, ಭಕ್ತಿ ಉಂಟು, ನಿಲ್ಲಿಕ್ಕೆ ಪುರುಸೊತ್ತಿಲ್ಲ ಅಷ್ಟೇ.

ನಾನು ನಮ್ಮ ಕುಟುಂಬದ ಬನದಲ್ಲಿ ಆಗಾಗ ಸುಮ್ನೆ ಕೂತ್ಕೊಳ್ತೇನೆ, ಮೊಬೈಲ್ ಮನೆಯಲ್ಲಿಟ್ಟು. ಮೊದಲು ಬರೀ ಸೊಳ್ಳೆ, ಮನಸ್ಸಲ್ಲಿ ಅಡುಗೆ, ಗ್ಯಾಸ್ ಬುಕಿಂಗು, ಮಕ್ಕಳ ಫೀಸು. ಸ್ವಲ್ಪ ಹೊತ್ತಾದ ಮೇಲೆ ಕಿವಿ ತೆರೀತದೆ. ಮಳೆ ನಿಂತ್ರೂ ಮರ ಇನ್ನೂ ಹನಿಸ್ತಾ ಇರ್ತದೆ, ಕಪ್ಪೆ ಒಂದು ಕಡೆಯಿಂದ ಕರೆದ್ರೆ ಇನ್ನೊಂದು ಕಡೆಯಿಂದ ಉತ್ತರ ಬರ್ತದೆ, ಕೆಂಬೂತ ಒಳಗೆಲ್ಲೋ ಊಂ ಊಂ ಅಂತದೆ, ಹುತ್ತದಲ್ಲಿ ಗೆದ್ದಲು ರಾತ್ರಿ ಕಟ್ಟಿದ ಹಸಿ ಮಣ್ಣು ಹೊಸದಾಗಿ ಕಾಣ್ತದೆ. ಆಗ ಮಂತ್ರ ಹೇಳ್ಬೇಕು ಅಂತ್ಲೂ ಅನ್ನಿಸೋದಿಲ್ಲ, ಏನೂ ಬೇಡಿಕೊಳ್ಳಿಕ್ಕೂ ನೆನಪಾಗೋದಿಲ್ಲ, ದೇವರು ಇಲ್ಲೇ ಇದ್ದಾನೆ ಅಂತ ಗಟ್ಟಿಯಾಗಿ ಗೊತ್ತಾಗ್ತದೆ. ದೇವಸ್ಥಾನದ ಕ್ಯೂನಲ್ಲಿ ನಂಗೆ ಹಾಗೆ ಆದದ್ದು ಕಮ್ಮಿ.

ನಂಬಿಕೆ ಇಲ್ಲದವರೂ ಒಂದು ವಿಷಯ ಗಮನಿಸಿ. ಹಾವಿಗೆ ತನ್ನ ಮೈಯ ಬಿಸಿ ತಾನೇ ಕಾಪಾಡ್ಲಿಕ್ಕೆ ಆಗೋದಿಲ್ಲ, ಅದಕ್ಕೆ ನೆರಳು, ತಂಪು ಹುತ್ತ, ಇಲಿ ಕಪ್ಪೆ ಬೇಕು, ಹಾಲು ಅದರ ಆಹಾರವೇ ಅಲ್ಲ. ಬಿಸಿಲಿಗೆ ಕಾದ ಗ್ರಾನೈಟಿನ ಮೇಲೆ ಯಾವ ನಾಗ ಬಂದು ಇರ್ತಾನೆ ಹೇಳಿ? ಇನ್ನೊಂದು, ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬಿದ್ರೂ ಏಪ್ರಿಲ್ ಮೇಯಲ್ಲಿ ಎಷ್ಟೋ ಬಾವಿ ತಳ ಕಾಣ್ತದೆ. ಬನದ ತರಗೆಲೆ ಆ ಮಳೆಯನ್ನು ಹಿಡಿದು ನಿಧಾನಕ್ಕೆ ಮಣ್ಣಿಗೆ ಇಳಿಸ್ತದೆ, ಇಂಟರ್‌ಲಾಕ್ ಹಾಕಿದಲ್ಲಿ ಹೆಚ್ಚಿನ ನೀರು ಸೀದಾ ಚರಂಡಿಗೆ.

ಜಪಾನಿನವರು ಕಾಡಲ್ಲಿ ನಿಧಾನಕ್ಕೆ ನಡೆದು ಕೂತು ಬರೋದಕ್ಕೆ 1982ರಲ್ಲಿ ಅರಣ್ಯ ಸ್ನಾನ ಅಂತ ಹೆಸರಿಟ್ರು, ಈಗ ಅದನ್ನೇ ನಮ್ಮವರು ರೆಸಾರ್ಟಿಗೆ ದುಡ್ಡು ಕೊಟ್ಟು ಮಾಡ್ತಾರೆ. ಮನೆ ಹಿಂದೆ ಬನ ಇರೋವಾಗ! ಕೊಡಗಲ್ಲಿ 1,200ಕ್ಕೂ ಹೆಚ್ಚು ದೇವರಕಾಡು ಉಂಟು, ಅಯ್ಯಪ್ಪನಿಗೆ ಮಣ್ಣಿನ ನಾಯಿ ಹರಕೆ ಒಪ್ಪಿಸ್ತಾರೆ, ಕಾಡೇ ಅಲ್ಲಿ ಗುಡಿ. ದೇವನಹಳ್ಳಿ ಹತ್ರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯ್ತು. ನಮ್ಮ ಸಣ್ಣ ಸಣ್ಣ ಬನಗಳಿಗೆ ಅಂಥ ಬೋರ್ಡು ಬರೋದಿಲ್ಲ, ಮನೆಯವರೇ ಕಾಯ್ಬೇಕು.

ವಯಸ್ಸಾದವರು ಜಾರ್ತಾರೆ ಅಂತ ಹೇಳ್ತೀರಿ, ಸರಿ, ನಾಗನ ಕಲ್ಲಿನ ತನಕ ನಾಲ್ಕು ಮುರಕಲ್ಲಿನ ಮೆಟ್ಟಿಲು ಹಾಕಿ, ಯಾರೂ ಬೇಡ ಅನ್ನೋದಿಲ್ಲ, ಉಳಿದದ್ದನ್ನು ಮುಟ್ಬೇಡಿ. ಪ್ರಶ್ನೆ ಇಡೋ ಜೋಯಿಸರಿಗೆ, ತಂತ್ರಿಗಳಿಗೆ ನನ್ನ ಕೈ ಮುಗಿದ ವಿನಂತಿ, ನಿಮ್ಮ ಒಂದು ಮಾತಿಗೆ ಇಡೀ ಕುಟುಂಬ ಕೇಳ್ತದೆ, ಪರಿಹಾರಕ್ಕೆ ಕಟ್ಟೆ ಕಟ್ಟಿ ಅನ್ನೋ ಬದಲು ಹಾಲೆ, ನಾಗಸಂಪಿಗೆ ಗಿಡ ನೆಡಿ ಅಂತ ಹೇಳಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಒಂದು ಜೀವವೈವಿಧ್ಯ ಸಮಿತಿ, ಒಂದು ದಾಖಲೆ ಪುಸ್ತಕ ಇರ್ಬೇಕು, ಹೋಗಿ ಕೇಳಿ, ನಿಮ್ಮ ಬನದ ಮರಗಳ ಹೆಸರು ಅದರಲ್ಲಿ ಬರೆಸಿ. ಈ ಪಂಚಮಿಗೆ ತನು ಎರೆದಾದ ಮೇಲೆ ಮಕ್ಕಳನ್ನು ಕೂಡ್ಲೇ ಎಬ್ಬಿಸಿಕೊಂಡು ಹೊರಡ್ಬೇಡಿ, ಒಂದರ್ಧ ಗಂಟೆ ಅಲ್ಲೇ ಕೂರಿಸಿ, ಯಾವ ಮರ ಯಾವುದು ಅಂತ ಅಜ್ಜಿ ಹತ್ರ ಕೇಳ್ಲಿ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಉಡುಪಿ