ಕಾವಲಿನಲ್ಲಿ ಗುಂಡಿ ತೋಡಬೇಡಿ

ಮಾನ್ಯ ಸಂಪಾದಕರೇ,

ವನಮಹೋತ್ಸವಕ್ಕೆಂದು ನಮ್ಮೂರ ಪಕ್ಕದ ಅಮೃತಮಹಲ್ ಕಾವಲಿನಲ್ಲಿ, ಅಂದರೆ ಅಮೃತಮಹಲ್ ತಳಿಯ ದನಗಳಿಗೆಂದು ಹಿಂದೆ ಮೀಸಲಿಟ್ಟ ಹುಲ್ಲುಗಾವಲಿನಲ್ಲಿ, ಜೆಸಿಬಿ ತಂದು ಸಾಲಾಗಿ ಗುಂಡಿ ತೋಡಿದ್ದಾರೆ. ಕೆಲವಕ್ಕೆ ಅಕೇಶಿಯಾ ಸಸಿ ಇಟ್ಟಾಗಿದೆ, ಉಳಿದವುಗಳಲ್ಲಿ ಮಳೆನೀರು ನಿಂತಿದೆ. ‘ಇಷ್ಟು ವರ್ಷ ಪಾಳು ಬಿದ್ದಿತ್ತು ಸಾರ್, ಇನ್ನು ಕಾಡಾಗುತ್ತೆ’ ಎಂದು ಕೆಲಸ ಮಾಡಿಸುತ್ತಿದ್ದ ಹುಡುಗ ಸಂತೋಷದಿಂದಲೇ ಹೇಳಿದ. 31 ವರ್ಷ ಪಶುವೈದ್ಯಕೀಯ ಪರೀಕ್ಷಕನಾಗಿ ದನಕುರಿಗಳ ಹಿಂದೆ ಇದೇ ಕಾವಲಿನಲ್ಲಿ ತಿರುಗಿದವನು ನಾನು. ಅದನ್ನು ಪಾಳು ಎಂದದ್ದು ಕೇಳಿ ಬಹಳ ಸಂಕಟವಾಯಿತು.

ಕಾವಲಿನ ಹುಲ್ಲು ತಾನಾಗಿ ಬೆಳೆದು ನಿಂತ ಕಸವಲ್ಲ. ಒಂದು ಬುಡವನ್ನು ಬಗ್ಗಿ ನೋಡಿ. ಅದು ಚಿಗುರುವ ಜಾಗ ನೆಲಮಟ್ಟದಲ್ಲೇ ಇರುತ್ತದೆ. ದನ ಮೇಲಿನ ಗರಿ ಮೇಯ್ದರೂ ಕುಡಿ ಉಳಿಯುತ್ತದೆ. ಬೇಸಿಗೆಯಲ್ಲಿ ಒಣಗಿ ಬೂದುಬಣ್ಣಕ್ಕೆ ತಿರುಗಿದ ಹಳೇ ಬುಡಕ್ಕೆ ಒಂದು ಹದ ಮಳೆ ಬಿದ್ದರೆ ಸಾಕು, ಕೆಲವೇ ದಿನಗಳಲ್ಲಿ ಹಸಿರಾಗುತ್ತದೆ. ಬೀಜದಿಂದ ಮೊಳೆಯಬೇಕಾದ ಕಳೆ ಆ ಹೊತ್ತಿಗೆ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಮೇಲ್ಮಣ್ಣಿನ ನೀರನ್ನೆಲ್ಲ ಹುಲ್ಲಿನ ಜಡೆಬೇರು ಮೊದಲೇ ಹೀರಿರುತ್ತದೆ. ಹುಲ್ಲುಗಳ ನಡುವೆಯೂ ಪೈಪೋಟಿ ಉಂಟು. ದನ ಹೆಚ್ಚು ಮೇಯ್ದ ಕಡೆ ನೆಲ ಹಿಡಿದು ಹರಿಯುವ ಗರಿಕೆ ಗೆಲ್ಲುತ್ತದೆ. ಮೇಯಲು ಬಿಡದ ಕಡೆ ಸೊಂಟದೆತ್ತರದ ಹುಲ್ಲು ಬಿಸಿಲನ್ನು ತಾನೇ ಹಿಡಿದು ಗರಿಕೆಯನ್ನು ಸೊರಗಿಸುತ್ತದೆ. ಹಳೇ ಮೈಸೂರಿನವರು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆಬೇರೆ ಇಟ್ಟು ದನಗಳನ್ನು ಸುತ್ತಾಡಿಸುತ್ತಿದ್ದುದರಿಂದ ಎರಡಕ್ಕೂ ಬಿಡುವು ಸಿಗುತ್ತಿತ್ತು, ಎತ್ತರದ ಹುಲ್ಲು ಬೀಜ ಕಟ್ಟುವವರೆಗೂ ನಿಲ್ಲುತ್ತಿತ್ತು.

ಆ ಬೀಜವನ್ನೂ ಹೇಳಲೇಬೇಕು. ಹೋದ ಕಾರ್ತಿಕದಲ್ಲಿ ಕಾವಲಿನಿಂದ ಮನೆಗೆ ಬಂದಾಗ ಪಂಚೆಯ ತುಂಬ ಚುಚ್ಚಿಕೊಂಡಿದ್ದವು. ಒಂದನ್ನು ಕಿತ್ತು ಮೊಮ್ಮಗಳ ಅಂಗೈ ಮೇಲಿಟ್ಟು ಒಂದು ತೊಟ್ಟು ನೀರು ಹಾಕಿದೆ. ಹುರಿ ಮಾಡಿದ ದಾರದಂತಿದ್ದ ಅದರ ಕಪ್ಪು ಬಾಲ ಮೆಲ್ಲಗೆ ಬಿಚ್ಚಿಕೊಳ್ಳುತ್ತ ಗಡಿಯಾರದ ಮುಳ್ಳಿನಂತೆ ತಿರುಗಿತು. ‘ತಾತ, ಇದಕ್ಕೆ ಜೀವ ಇದೆ’ ಎಂದು ಕೈ ಕೊಡವಿಬಿಟ್ಟಳು. ನೆನೆದಾಗ ಬಿಚ್ಚಿ, ಒಣಗಿದಾಗ ಹುರಿಗೊಂಡು, ಆ ಬೀಜ ತನ್ನನ್ನು ತಾನೇ ಮಣ್ಣೊಳಗೆ ಕೊರೆದುಕೊಂಡು ಹೋಗುತ್ತದೆ. ಉಳುಮೆ ಬೇಡ, ನಾಟಿ ಬೇಡ.

ಪಾರ್ಥೇನಿಯಂನ ದಾರಿಯೇ ಬೇರೆ. 1950ರ ದಶಕದಲ್ಲಿ ಪುಣೆಯ ಬಳಿ ಕಂಡ ಈ ಕಳೆ ಇಂದು ಎಲ್ಲೆಡೆ ಇದೆ. ಒಂದೇ ಗಿಡ 15 ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು, ಒಂದೊಂದೂ ಧೂಳಿನಷ್ಟು ಸಣ್ಣದು. ಸಣ್ಣ ಬೀಜದಲ್ಲಿ ಬುತ್ತಿ ಕಡಿಮೆ. ದಟ್ಟ ಹುಲ್ಲಿನ ನಡುವೆ ಬಿದ್ದರೆ ಮೇಲೇಳಲಾರದು, ಬೆತ್ತಲೆ ಮಣ್ಣು ಸಿಕ್ಕರೆ ತಿಂಗಳೊಪ್ಪತ್ತಿನಲ್ಲಿ ಹೂಬಿಡುತ್ತದೆ. ಕಹಿಯಾದ್ದರಿಂದ ದನ ಮುಟ್ಟುವುದಿಲ್ಲ, ಪಕ್ಕದ ಹುಲ್ಲನ್ನಷ್ಟೇ ಮೇಯ್ದು ಅದಕ್ಕೇ ಜಾಗ ಮಾಡಿಕೊಡುತ್ತವೆ. ಅದರ ಎಲೆ, ಬೇರಿನ ರಸ ಬೇರೆ ಬೀಜಗಳ ಮೊಳಕೆಯನ್ನೂ ತಡೆಯುತ್ತದೆ. ಇದನ್ನು ತಿನ್ನಿಸಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ದುಂಬಿ ಬಿಟ್ಟರು. ಅದು ಮಳೆಗಾಲದಲ್ಲಿ ತಿನ್ನುತ್ತದೆ, ಬೇಸಿಗೆಯಲ್ಲಿ ಮಣ್ಣೊಳಗೆ ಮಲಗುತ್ತದೆ. ಹೋದ ವರ್ಷ ಇದೇ ಕಾವಲಿನ ಇನ್ನೊಂದು ಬದಿಯಲ್ಲಿ ತೋಡಿದ್ದ ಗುಂಡಿಗಳ ಸುತ್ತ ಈಗ ಬಿಳಿ ಹೂವಿನ ಉಂಗುರ ಎದ್ದಿದೆ. ಎರಡು ಮಾರು ಆಚೆಗೆ, ಅಗೆಯದ ಹುಲ್ಲಿನಲ್ಲಿ, ಹುಡುಕಿದರೂ ಒಂದು ಗಿಡ ಸಿಗಲಿಲ್ಲ.

ಸಸಿ ಬದುಕಿದರೂ ಹುಲ್ಲಿಗೆ ಕೇಡೇ. ಈ ಹುಲ್ಲುಗಳಲ್ಲಿ ಬಹುಪಾಲು ಜೋಳ, ಕಬ್ಬಿನ ಬಳಗದವು, ತುಂಬು ಬಿಸಿಲಿನವು. ಬದುವಿನ ಮರದ ನೆರಳು ಬೀಳುವ ಕಡೆ ಜೋಳ ತೆನೆ ಕಟ್ಟುವುದಿಲ್ಲವೆಂದು ರೈತರಿಗೆ ಗೊತ್ತಿಲ್ಲವೇ? ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಹಿಂದೆ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಇತ್ತು. ಅಲ್ಲಿ ನೀಲಗಿರಿ ಬೆಳೆಸಿದರು. ಬಯಲು ಬೇಕಾದ ಆ ಹಕ್ಕಿ ಈಗ ಅಲ್ಲಿಲ್ಲ.

ಮರ ಬೇಡವೆನ್ನುತ್ತಿಲ್ಲ. ರಸ್ತೆ ಬದಿ, ಶಾಲೆಯ ಅಂಗಳ, ಕೆರೆ ಏರಿಯ ಕೆಳಗೆ ಬೇಕಾದಷ್ಟು ನೆಡಿ, ನೀರು ಹಾಕಲು ನಾನೂ ಬರುತ್ತೇನೆ. ಕಾವಲಿನಲ್ಲಿ ಮಾತ್ರ ಸಸಿ ಇಡದ ಗುಂಡಿಗಳನ್ನು ಈ ಮಳೆಯಲ್ಲೇ ಮುಚ್ಚಿಸಬೇಕೆಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇನೆ. ಮುಚ್ಚಿದ ಮಣ್ಣಿನ ಮೇಲೆ ಗರಿಕೆ ಊರಿದರೆ ಬೇಗ ಹಬ್ಬುತ್ತದೆ; ಕಳೆ ಎದ್ದಿರುವ ಅಂಚಿನಲ್ಲಿ ತಗಚೆ ಬೀಜ ಎರಚಿದರೆ ಅದು ಪಾರ್ಥೇನಿಯಂ ಅನ್ನು ಅದುಮುತ್ತದೆ. ಒಂದು ಚೀಲ ತಗಚೆ ಬೀಜ ಮನೆಯಲ್ಲಿ ಒಣಗಿಸಿಟ್ಟಿದ್ದೇನೆ. ಯಾರು ಬಂದು ಕೇಳಿದರೂ ಕೊಡುತ್ತೇನೆ.

– ನಿವೃತ್ತ ಪಶುವೈದ್ಯಕೀಯ ಪರೀಕ್ಷಕ, ಕಡೂರು ತಾಲ್ಲೂಕು